ಅಜ್ಜಿ ಬರುವವರೆಗೆ ಮಗುಚಬಾರದು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಮ್ಮ ಎದುರು ಮನೆಯ ರಮಾಕಾಂತ ಆಡಿದ್ದು ಒಂದೇ ಮಾತು. ಅದನ್ನು ಉಳಿಸಿಕೊಳ್ಳಲು ಹೋಗಿ ಅವನು ಮೊದಲು ತನ್ನ ನಿದ್ದೆ ಕಳೆದುಕೊಂಡ, ಆಮೇಲೆ ಮಗುವಿನ ನಿದ್ದೆ ಕೆಡಿಸಿದ, ಕೊನೆಗೆ ಡೊಂಬಿವಲಿ ಪೂರ್ವದ ನಾಲ್ಕು ಮಹಡಿಯ ನಮ್ಮ ಇಡೀ ಹೌಸಿಂಗ್ ಸೊಸೈಟಿಯನ್ನೇ ಎಬ್ಬಿಸಿ ಕೂರಿಸಿದ. ಇದನ್ನೆಲ್ಲ ನಾನು ಹತ್ತಿರದಿಂದ ನೋಡಿದ್ದೇನೆ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದ ಮೇಲೆ ಹತ್ತಿರದಿಂದ ನೋಡುವುದನ್ನು ಬಿಟ್ಟರೆ ನನಗೆ ಬೇರೆ ಕೆಲಸವೂ ಇಲ್ಲ.

ರಮಾಕಾಂತ ಮೈಸೂರಿನವನು. ಐರೋಲಿಯ ಒಂದು ಹಣಕಾಸಿನ ಕಂಪನಿಯಲ್ಲಿ ಅವನಿಗೆ ಕೆಲಸ. ಕಂಪ್ಯೂಟರಿನಲ್ಲಿ ಯಾರಾದರೂ ತಪ್ಪು ಎಂಟ್ರಿ ಹಾಕಿದರೆ ಅದನ್ನು ಅದೇ ದಿನ ರಿವರ್ಸ್ ಮಾಡಿ, ಏನೂ ನಡೆದೇ ಇಲ್ಲವೆಂಬಂತೆ ಮಾಡುವುದು ಆ ಕೆಲಸ. ಹುಡುಗ ಒಳ್ಳೆಯವನೇ. ಆದರೆ ಯಾವ ವಿಷಯ ಬಂದರೂ ಫೋನ್ ತೆಗೆದು ಓದುವುದು, ಓದಿದ್ದನ್ನು ತಾನೇ ಕಂಡುಹಿಡಿದವನ ಹಾಗೆ ಹೇಳುವುದು, ಇದೊಂದು ಚಟ ಅವನಿಗೆ ಮೊದಲಿನಿಂದಲೂ ಇದೆ.

ಹೆಂಡತಿ ನಳಿನಿ ಮೈಸೂರಿನ ತವರಿನಲ್ಲಿ ಹೆತ್ತು ಬಾಣಂತನ ಮುಗಿಸಿದಳು. ಮಗು ಸಂಯುಕ್ತಾಳಿಗೆ ನಾಲ್ಕು ತಿಂಗಳು ತುಂಬಿದಾಗ ಕರೆತರಲು ಇವನು ಹೋದ. ಹೊರಡುವ ಹಿಂದಿನ ಸಂಜೆ ಅತ್ತೆ ಅನಸೂಯಮ್ಮ ತಡೆದರು.

"ಮಗುಚೋವರೆಗೂ ಇಲ್ಲೇ ಇರ್ಲಿ ಅಳಿಯಂದ್ರೇ. ನಮ್ಮನೇಲಿ ಮಗು ಮೊದಲನೇ ಸಲ ಮಗುಚಿದಾಗ ಅಜ್ಜಿ ಎದುರಿಗಿರಬೇಕು. ಅಜ್ಜಿ ಕೈಯಿಂದಲೇ ಕೊಬ್ಬರಿ ಸಕ್ಕರೆ ಹಂಚಬೇಕು. ನನ್ನ ಅಜ್ಜಿ ಕಾಲದಿಂದ ತಪ್ಪಿಲ್ಲ."

ಅಲ್ಲಿ "ಸರಿ ಅತ್ತೆ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ರಮಾಕಾಂತ ಫೋನ್ ತೆಗೆದ.

"ಐದು ತಿಂಗಳು ತುಂಬೋವರೆಗೂ ಮಗುಚೋ ಪ್ರಶ್ನೆನೇ ಇಲ್ಲ ಅತ್ತೆ. ಇಲ್ಲೇ ಬರೆದಿದೆ ನೋಡಿ. ಐದು ತುಂಬಿದ ಭಾನುವಾರ ನೀವು ಡೊಂಬಿವಲಿಗೆ ಬನ್ನಿ, ನಿಮ್ಮೆದುರಿಗೇ ಮಗುಚ್ತಾಳೆ. ಅದು ನನ್ನ ಜವಾಬ್ದಾರಿ. ರಾತ್ರಿ ಹೊತ್ತು ನಾನೇ ನೋಡ್ಕೋತೀನಿ, ನಳಿನಿ ಆರಾಮಾಗಿ ಮಲಗ್ಲಿ. ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಇಬ್ಬರನ್ನೂ ಕರ್ಕೊಂಡು ಬಂದು ವರ್ಷ ತುಂಬೋವರೆಗೂ ಇಲ್ಲೇ ಇಟ್ಕೊಳ್ಳಿ!"

"ಮಾತು ನಿಮ್ಮದೇ" ಎಂದರು ಅನಸೂಯಮ್ಮ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಡೊಂಬಿವಲಿಗೆ ಬಂದ ವಾರದೊಳಗೆ ಸಂಯುಕ್ತಾ ಒಂದು ರಾತ್ರಿ ನಿದ್ದೆಯಲ್ಲೇ ಮಗುಚಿಕೊಂಡಳು. ಬೆಳಿಗ್ಗೆ ನಾನು ಹಾಲಿನ ಚೀಲ ತೆಗೆದುಕೊಳ್ಳಲು ಬಾಗಿಲು ತೆರೆದರೆ ರಮಾಕಾಂತ ಎದುರಿಗೇ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಶಿವರಾಯಣ್ಣ, ಮಗುಚಿಬಿಟ್ಲು."

"ಛಲೋ ಆತಲ್ಲೋ ತಮ್ಮಾ! ಪೇಢೆ ತರಸು!"

"ಮೆತ್ತಗೆ ಮಾತಾಡಿ! ಅತ್ತೆ ಬರೋಕೆ ಇನ್ನೂ ಮೂರು ವಾರ ಇದೆ. ಗೊತ್ತಾದ್ರೆ ಇಬ್ಬರನ್ನೂ ಕರ್ಕೊಂಡು ಹೋಗ್ಬಿಡ್ತಾರೆ. ನಾಲ್ಕು ತಿಂಗಳು ನಾನೊಬ್ಬನೇ ಈ ಮನೇಲಿ ಗೋಡೆ ನೋಡ್ಕೊಂಡು ಕೂತಿದ್ದೆ ಅಣ್ಣ. ಇನ್ನು ನನ್ನ ಕೈಲಿ ಆಗಲ್ಲ."

"ಬಿದ್ದದ್ದು ಬಿದ್ದೈತಿ. ಈಗ ಏನ್ ಮಾಡಾವ?"

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ತಕ್ಷಣ ವಾಪಸ್ ತಿರುಗಿಸಿ ಮಲಗಿಸಿದೀನಿ. ಅದೇ ರಾತ್ರಿ ರಿವರ್ಸ್ ಮಾಡಿದ್ರೆ ಎಂಟ್ರಿ ಲೆಕ್ಕಕ್ಕಿಲ್ಲ."

ಹೆಣ್ಣುಮಕ್ಕಳಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ. ನಾನು ನನ್ನ ಹೆಂಡತಿ ನಾಗವೇಣಿಗೆ ಹೇಳದೆ ಉಳಿಸಿಕೊಂಡ ಗುಟ್ಟು ಅದೊಂದೇ ಇರಬೇಕು. ನಳಿನಿಗಂತೂ ಎಲ್ಲ ಗೊತ್ತಿತ್ತು. "ಅಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ. ಜಂಬ ಕೊಚ್ಚಿದ ಬಾಯೇ ಒಪ್ಪಿಕೊಳ್ಳಲಿ, ನಾನು ಹೇಳಲ್ಲ" ಎಂದು ಅವಳು ಕೈ ತೊಳೆದುಕೊಂಡಿದ್ದಳು.

ಅಂದಿನಿಂದ ರಮಾಕಾಂತನ ರಾತ್ರಿ ಪಾಳಿ ಶುರುವಾಯಿತು. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಸುತ್ತಲೂ ದಿಂಬಿನ ಕೋಟೆ ಕಟ್ಟಿ, ಪಕ್ಕದಲ್ಲಿ ಗೋಡೆಗೊರಗಿ ಕೂರುವನು. ಮಗು ಹೇಗೋ ನುಸುಳಿ ಹೊಟ್ಟೆಯ ಮೇಲಾಗುವಳು. ಇವನು ತಿರುಗಿಸುವನು. ಅವಳು ಮತ್ತೆ ಆಗುವಳು, ಇವನು ಮತ್ತೆ ತಿರುಗಿಸುವನು. ಹಾಯಾಗಿ ಮಲಗಿದ್ದವರನ್ನು ದೋಸೆಯ ಹಾಗೆ ಮಗುಚಿ ಹಾಕಿದರೆ ದೊಡ್ಡವರೇ ಸುಮ್ಮನಿರುವುದಿಲ್ಲ, ಕೂಸು ಸುಮ್ಮನಿದ್ದೀತೇ? ನೆಲಮಹಡಿಯಿಂದ ನಾಲ್ಕನೇ ಮಹಡಿಯವರೆಗೆ ಕೇಳುವಂತೆ ಅಳುತ್ತಿದ್ದಳು. ಹಗಲು ಹೊತ್ತಿನಲ್ಲಿ ಮಾತ್ರ ಬೆನ್ನ ಮೇಲೆ ಮಲಗಿ, ಕಾಲಿನ ಹೆಬ್ಬೆರಳು ಹಿಡಿದುಕೊಂಡು, ಬಂದವರನ್ನು ನೋಡಿ ನಗುತ್ತಿದ್ದಳು. ಹಗಲು ಒಂದು ಸಲವೂ ಮಗುಚಲಿಲ್ಲ.

ಪ್ರತಿ ಸಂಜೆ ಮೈಸೂರಿನಿಂದ ವಿಡಿಯೋ ಕಾಲ್ ಬರುತ್ತಿತ್ತು.

"ಮಗುಚಿದಳಾ ಅಳಿಯಂದ್ರೇ?"

"ಇಲ್ಲ ಅತ್ತೆ, ಇನ್ನೂ ಇಲ್ಲ" ಎಂದು ಇವನು ಎದೆಯುಬ್ಬಿಸಿ ಹೇಳುತ್ತಿದ್ದ.

"ನಿಜವಾಗ್ಲೂ?"

"ನಿಜವಾಗ್ಲೂ!"

ಆ ಕಡೆ ಅನಸೂಯಮ್ಮನ ಮುಖ ಯಾಕೋ ಸಣ್ಣದಾಗುತ್ತಿತ್ತು. ಇವನಿಗೆ ಅದು ಕಾಣುತ್ತಿರಲಿಲ್ಲ. ಕಣ್ಣು ತೆರೆದಿದ್ದರೆ ತಾನೆ ಕಾಣುವುದು?

ಹತ್ತು ದಿನ ಕಳೆಯುವಷ್ಟರಲ್ಲಿ ಅವನ ಕೈ ಯಜಮಾನನ ಅಪ್ಪಣೆಗೂ ಕಾಯದೆ ಕೆಲಸ ಮಾಡತೊಡಗಿತು. ಒಂದು ಸಂಜೆ ಠಾಣೆಯಿಂದ ಬದಲಾಪುರ ಲೋಕಲ್ ಹತ್ತಿ ಅದೃಷ್ಟಕ್ಕೆ ಸೀಟು ಸಿಕ್ಕಿ ಕೂತ. ಪಕ್ಕದಲ್ಲಿ ಡ್ಯೂಟಿ ಮುಗಿಸಿದ ಟಿಸಿ ಒಬ್ಬ ತೊಡೆಯ ಮೇಲಿನ ಬ್ಯಾಗಿಗೆ ಹಣೆ ಹಚ್ಚಿ ಗೊರಕೆ ಹೊಡೆಯುತ್ತಿದ್ದ. ರಮಾಕಾಂತನಿಗೆ ಅರೆನಿದ್ದೆ. ಯಾರೋ ಬೋರಲು ಬಿದ್ದಿರುವುದಷ್ಟೇ ಅವನಿಗೆ ಕಂಡದ್ದು. ಟಿಸಿಯ ಭುಜಕ್ಕೊಂದು ಸೊಂಟಕ್ಕೊಂದು ಕೈ ಹಾಕಿ, ಮೆಲ್ಲಗೆ ಹಿಂದಕ್ಕೆ ಒರಗಿಸಿ, ಎದೆ ತಟ್ಟುತ್ತ "ಶ್ಶ್... ಜೋ ಜೋ..." ಎಂದ.

ಟಿಸಿ ಕಣ್ಣು ಬಿಟ್ಟ. "ಏ! ಕ್ಯಾ ಕರ್ ರಹಾ ಹೈ?"

"ಸಾರಿ ಸರ್. ಆಪ್ ಪಲಟ್ ಗಯೇ ಥೇ." ನೀವು ಮಗುಚಿಕೊಂಡಿದ್ದಿರಿ ಎಂದು ಇವನ ವಿವರಣೆ.

ಇಡೀ ಡಬ್ಬಿ ನಕ್ಕಿತಂತೆ. ಟಿಸಿ ಪಾಸು ಕೇಳಿದ, ತಿರುವಿ ತಿರುವಿ ನೋಡಿದ, ಗುರುತಿನ ಚೀಟಿ ಕೇಳಿದ, ಕೊನೆಗೆ ಮನೆಯಲ್ಲಿ ಯಾರಿದ್ದಾರೆಂದು ಕೇಳಿದ. ಚಿಕ್ಕ ಮಗುವಿದೆ ಎಂದ ಮೇಲೆ ಬಿಟ್ಟ. ಈ ವಿಚಾರಣೆಯ ಸುಸ್ತಿನಲ್ಲಿ ರಮಾಕಾಂತನಿಗೆ ನಿಜವಾದ ನಿದ್ದೆ ಹತ್ತಿ, ಡೊಂಬಿವಲಿ ದಾಟಿ, ಕಲ್ಯಾಣ ದಾಟಿ, ಬದಲಾಪುರದಲ್ಲಿ ಗಾಡಿ ಗುಡಿಸುವವನು ಎಬ್ಬಿಸಿದಾಗಲೇ ಎಚ್ಚರವಾದದ್ದು.

ಇಷ್ಟಕ್ಕೇ ನಿಂತಿದ್ದರೆ ಗಂಡ ಹೆಂಡತಿಯ ನಡುವೆ ಮುಗಿಯುತ್ತಿತ್ತು. ಆದರೆ ನಮ್ಮ ಸೊಸೈಟಿಗೆ ಪ್ರಫುಲ್ಲಕ್ಕ ಎಂಬ ಕಾರ್ಯದರ್ಶಿ ಇದ್ದಾರೆ. ಉಡುಪಿಯ ಕಡೆಯವರು. ನೀರಿನ ಟ್ಯಾಂಕಿನಿಂದ ಹಿಡಿದು ನೆಂಟರ ಜಗಳದವರೆಗೆ ಕಟ್ಟಡದಲ್ಲಿ ಸೋರುವುದೆಲ್ಲ ಮೊದಲು ಗೊತ್ತಾಗುವುದು ಅವರಿಗೆ. ಲಿಫ್ಟಿನಲ್ಲಿ ರಮಾಕಾಂತನನ್ನು ಹಿಡಿದರು.

"ಎಂತ ಮಾರಾಯ್ರೇ, ರಾತ್ರಿ ಇಡೀ ಮಗು ಅಳುವುದು ಕೇಳ್ತದೆ. ಕವುಚಲಿಕ್ಕೆ ಸುರು ಮಾಡಿತಾ?"

"ಇಲ್ಲ ಇಲ್ಲ! ಇಲ್ಲವೇ ಇಲ್ಲ! ಸ್ವಲ್ಪವೂ ಇಲ್ಲ! ಯಾರು ಹೇಳಿದ್ದು ನಿಮಗೆ?"

ಒಂದು ಸಲ ಇಲ್ಲ ಎಂದರೆ ಇಲ್ಲ ಎಂದೇ ಅರ್ಥ. ನಾಲ್ಕು ಸಲ ಇಲ್ಲ ಎಂದರೆ ಏನೋ ಇದೆ ಎಂದು ಅರ್ಥ. ಪ್ರಫುಲ್ಲಕ್ಕ ಯೋಚಿಸಿದರು. ಅಪ್ಪನ ಕಣ್ಣು ಕೆಂಪಗಿದೆ, ರಾತ್ರಿಯೆಲ್ಲ ಮಗು ಅಳುತ್ತದೆ, ಕವುಚಿತಾ ಎಂದರೆ ಬೆಚ್ಚಿ ಬೀಳುತ್ತಾನೆ. ಪಾಪ, ಮಗುವಿಗೆ ಕವುಚಲು ಬರುತ್ತಿಲ್ಲ, ಹೇಳಿಕೊಳ್ಳಲು ಆಗದೆ ಒಳಗೇ ನೋಯುತ್ತಿದ್ದಾನೆ ಎಂದು ತೀರ್ಮಾನಿಸಿದರು. ಸಂಜೆಯೊಳಗೆ ನಾಲ್ಕೂ ಮಹಡಿಗೆ ಸುದ್ದಿ ಹಬ್ಬಿತು.

ನಮ್ಮ ಜನರ ಕರುಣೆ ದೊಡ್ಡದು. ಒಮ್ಮೆ ಶುರುವಾದರೆ ತಡೆಯುವುದು ಕಷ್ಟ. ಒಬ್ಬರು ಕೊಬ್ಬರಿ ಎಣ್ಣೆ ತಂದರು, ಇನ್ನೊಬ್ಬರು ಸಾಸಿವೆ ಎಣ್ಣೆ ತಂದರು. ನನ್ನ ಹೆಂಡತಿ ನಾಗವೇಣಿ ಸಾಸಿವೆ ತುಂಬಿದ ದಿಂಬು ಹೊಲಿದು ತಂದಳು. ಪ್ರಫುಲ್ಲಕ್ಕ ಇದಾವುದರಿಂದಲೂ ಆಗುವುದಿಲ್ಲ, ಮಗು ನೋಡಿ ಕಲಿಯಬೇಕು ಎಂದರು. ಒಂದು ಮಧ್ಯಾಹ್ನ ರಮಾಕಾಂತನ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿಸಿ, ಸೀರೆಯ ಸೆರಗು ಸಿಕ್ಕಿಸಿ, ಮಗುವಿನ ಪಕ್ಕದಲ್ಲಿ ತಾವೇ ಮಲಗಿದರು.

"ಹೀಗೆ ಕಾಲು ಎತ್ತುವುದು ಪುಟ್ಟಾ. ಹೀಗೆ ಸೊಂಟ ತಿರುಗಿಸುವುದು. ಮತ್ತೆ ಹೋಯಿತು ಒಂದೇ ಸಲ!"

ಪ್ರಫುಲ್ಲಕ್ಕ ಹೋದದ್ದು ಒಂದೇ ಸಲ, ನಿಜ. ತಿರುಗಿ ಬರಲು ನಾಗವೇಣಿ ಮತ್ತು ನಳಿನಿ ಇಬ್ಬರೂ ಕೈ ಕೊಡಬೇಕಾಯಿತು. ಮಗು ಕೇಕೆ ಹಾಕಿ ನಕ್ಕು, ಇನ್ನೊಮ್ಮೆ ಎನ್ನುವಂತೆ ಕೈ ಬಡಿಯಿತು. ಮಗುಚಲು ಮಾತ್ರ ಹೋಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ರಮಾಕಾಂತ ನೆಮ್ಮದಿಯ ಉಸಿರು ಬಿಟ್ಟ. ಅದು ಸಂಕಟದ ನಿಟ್ಟುಸಿರೆಂದು ತಿಳಿದ ಪ್ರಫುಲ್ಲಕ್ಕ ಬೆವರು ಒರೆಸಿಕೊಳ್ಳುತ್ತ, "ಇನ್ನು ಡಾಕ್ಟರಿಗೆ ತೋರಿಸುವುದೇ. ನಾನೇ ಬರ್ತೇನೆ" ಎಂದರು.

ಅವರನ್ನು ತಪ್ಪಿಸಲು ಆಗಲಿಲ್ಲ. ಕ್ಲಿನಿಕ್ಕಿನಲ್ಲಿ ಪ್ರಫುಲ್ಲಕ್ಕ ಹೊರಗಿನ ಬೆಂಚಿನ ಮೇಲೆ ಕೂತರು. ಹಿರಿಯರೊಬ್ಬರು ಇರಲಿ ಎಂದು ರಮಾಕಾಂತ ನನ್ನನ್ನು ಒಳಗೆ ಎಳೆದುಕೊಂಡ. ನಳಿನಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತಳು. ಡಾಕ್ಟರಮ್ಮ ಮರಾಠಿಯವರು. ಅವರು ಆಡಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

"ಏನು ತೊಂದರೆ?"

"ಮಗು ಮಗುಚ್ತಾ ಇದೆ ಡಾಕ್ಟರ್."

"ಎರಡೂ ಕಡೆಗೆ ತಿರುಗುತ್ತಾಳಾ?"

"ಹೂಂ, ಹೊಟ್ಟೆ ಮೇಲಿಂದ ಬೆನ್ನಿಗೂ ತಾನೇ ಬರ್ತಾಳೆ."

"ಒಳ್ಳೆಯದಾಯಿತಲ್ಲ. ತೊಂದರೆ ಏನು?"

"ಭಾನುವಾರದವರೆಗೂ ಮಗುಚಬಾರದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಭಾನುವಾರ ಏನಿದೆ?"

"ನಮ್ಮ ಅತ್ತೆ ಬರ್ತಾರೆ. ಅಲ್ಲಿವರೆಗೆ ತಡೆಯೋದಕ್ಕೆ ಡ್ರಾಪ್ಸ್ ಏನಾದ್ರೂ ಸಿಗುತ್ತಾ?"

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿ ಓದತೊಡಗಿದೆ. ಆಮೇಲೆ ಅವರು ರಮಾಕಾಂತನಿಂದ ಬಟ್ಟೆ ಸುತ್ತುವುದು, ದಿಂಬಿನ ಕೋಟೆ, ಸಾಸಿವೆ ದಿಂಬು ಎಲ್ಲವನ್ನೂ ಬಾಯಿ ಬಿಡಿಸಿದರು. ಕೇಳುತ್ತ ಕೇಳುತ್ತ ಅವರ ದನಿ ಏರಿತು.

"ದಿಂಬೆಲ್ಲ ಇವತ್ತೇ ತೆಗೀರಿ. ಮುಖ ಅದರಲ್ಲಿ ಹೂತುಹೋದರೆ ಉಸಿರು ಕಟ್ಟುತ್ತದೆ. ತಿರುಗುವ ಮಗುವನ್ನು ಬಟ್ಟೆಯಲ್ಲಿ ಸುತ್ತುವುದು ಬಂದ್. ಗಟ್ಟಿಯಾದ ಸಪಾಟು ಹಾಸಿಗೆ, ಮೇಲೆ ಬಿಗಿಯಾಗಿ ಕೂರುವ ಒಂದು ಬಟ್ಟೆ, ಅಷ್ಟೇ. ರಜಾಯಿ ಬೇಡ, ಗೊಂಬೆ ಬೇಡ. ಮಲಗಿಸುವಾಗ ನೀವು ಬೆನ್ನ ಮೇಲೆ ಮಲಗಿಸಿ. ಆಮೇಲೆ ಅವಳಾಗಿಯೇ ತಿರುಗಿದರೆ ಹಾಗೇ ಬಿಡಿ, ಅವಳಿಗೆ ಹೇಗೆ ಹಿತವೋ ಹಾಗೆ ಮಲಗುತ್ತಾಳೆ. ಅಳುತ್ತಿರುವುದು ಮಗುಚುವುದಕ್ಕಲ್ಲ. ನೀವು ಮಲಗಲು ಬಿಡದಿದ್ದಕ್ಕೆ."

ರಮಾಕಾಂತ ಇಂಗು ತಿಂದ ಮಂಗನ ಹಾಗೆ ಹೊರಗೆ ಬಂದ. ಪ್ರಫುಲ್ಲಕ್ಕ ಆ ಮುಖ ನೋಡಿದರು. ಏನನ್ನೂ ಕೇಳಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು, "ದೇವರಿದ್ದಾನೆ" ಎಂದರು.

ಅಂದೇ ದಿಂಬುಗಳೆಲ್ಲ ಅಟ್ಟ ಸೇರಿದವು, ಸುತ್ತುವ ಬಟ್ಟೆಯೂ ಹೋಯಿತು. ಆದರೆ ಭಾನುವಾರಕ್ಕೆ ಇನ್ನು ಮೂರೇ ರಾತ್ರಿ ಉಳಿದಿದ್ದರಿಂದ ರಮಾಕಾಂತ ತನ್ನ ಕೈಯನ್ನು ಮಾತ್ರ ತೆಗೆಯಲಿಲ್ಲ.

ಇತ್ತ ನಾಗವೇಣಿಗೆ ತಡೆಯಲಾಗಲಿಲ್ಲ. ನಾಮಕರಣಕ್ಕೆ ಮೈಸೂರಿಗೆ ಹೋದಾಗ ಅನಸೂಯಮ್ಮನ ನಂಬರು ತಂದಿದ್ದಳು. ನಾನು ಪೇಟೆಗೆ ಹೋದ ಹೊತ್ತು ನೋಡಿ ಫೋನ್ ಮಾಡಿದಳು.

"ಅಕ್ಕಾರ, ಅಲ್ಲಿ ಕೂಸಿಗೆ ಯಾವ ಎಣ್ಣಿ ಹಚ್ಚತಿದ್ರಿ? ಇಲ್ಲಿ ಇನ್ನೂ ಡಬ್ಬ ಬಿದ್ದಿಲ್ರಿ. ಡಾಕ್ಟರ್ ಕಡೆನೂ ಹೋಗಿ ಬಂದಾರ. ನಿಮ್ಮ ಅಳಿಯನ ಮಾರಿ ನೋಡಾಕ ಆಗವಲ್ದು ನೋಡ್ರಿ."

ಆ ಕಡೆಯಿಂದ ಅನಸೂಯಮ್ಮನ ಗಾಬರಿಯ ದನಿ ಕೇಳಿತಂತೆ. "ಒಂದ್ ಸಲಾನೂ ಮಗುಚಿಲ್ವಾ ನಾಗವೇಣಿ? ಒಂದೇ ಒಂದ್ ಸಲಾನೂ?" ಎಂದವರೇ ಫೋನ್ ಇಟ್ಟರು.

ಭಾನುವಾರ ಬರಬೇಕಿದ್ದ ಅನಸೂಯಮ್ಮ ಶನಿವಾರ ಬೆಳಿಗ್ಗೆಯೇ ಕಲ್ಯಾಣದಲ್ಲಿಳಿದು ರಿಕ್ಷಾ ಹಿಡಿದು ಬಂದರು. ಚಪ್ಪಲಿ ಬಿಟ್ಟವರು ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಕೈ ಒರೆಸಿಕೊಂಡು ಮಗುವನ್ನೆತ್ತಿ, ಕೈ ಮಡಿಸಿ ಕಾಲು ಚಾಚಿ ಬೆನ್ನು ಮುಟ್ಟಿ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು.

"ನಾಳೆ ಗಾಡಿಗೆ ನನಗೂ ನಳಿನಿಗೂ ಟಿಕೆಟ್ ಮಾಡಿಸ್ಕೊಂಡು ಬಂದಿದೀನಿ. ನಮ್ಮೂರಲ್ಲೇ ತೋರಿಸ್ತೀನಿ. ಬಟ್ಟೆ ತುಂಬು ನಳಿನಿ."

"ಅತ್ತೆ, ಇವತ್ತು ಮಗುಚ್ತಾಳೆ. ಖಂಡಿತ ಮಗುಚ್ತಾಳೆ. ಸ್ವಲ್ಪ ಹೊತ್ತು ನೋಡಿ" ಎಂದ ರಮಾಕಾಂತ. ನಿಜ ಹೇಳುತ್ತೇನೆ, ಆಗ ನನಗೂ ನಗು ಬರಲಿಲ್ಲ.

ಹಾಲ್‌ನಲ್ಲಿ ಬರೀ ಚಾಪೆ ಹಾಸಿ ಮಗುವನ್ನು ಬೆನ್ನ ಮೇಲೆ ಮಲಗಿಸಿದರು. ಸುದ್ದಿ ಹೇಗೆ ಹೋಯಿತೋ, ಒಬ್ಬೊಬ್ಬರಾಗಿ ಇಡೀ ಸೊಸೈಟಿ ಬಂದು ಗೋಡೆಗೆ ಒರಗಿ ಕೂತಿತು. ಪ್ರಫುಲ್ಲಕ್ಕ ಅಡುಗೆಮನೆಗೆ ಹೋಗಿ, ಸೀಟಿ ಹೊಡೆಯದಂತೆ ಕುಕ್ಕರು ಆರಿಸಿ ಬಂದರು. ಮಗು ಎಲ್ಲರನ್ನೂ ಒಂದು ಸುತ್ತು ನೋಡಿತು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕೂಸು, ಒಂದು ಆಕಳಿಕೆ ತೆಗೆದು ನಿದ್ದೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಅಪ್ಪನಿಗೂ ರಾತ್ರಿಯೆಲ್ಲ ನಿದ್ದೆಯಿರಲಿಲ್ಲ. ಅವನ ರೆಪ್ಪೆಯೂ ಮುಚ್ಚಿತು.

ಸ್ವಲ್ಪ ಹೊತ್ತಾಯಿತು. ಮಗುವಿನ ಮೊಣಕಾಲು ಮೇಲೆದ್ದಿತು, ಸೊಂಟ ಹೊರಳಿತು, ಕೆಳಗೆ ಸಿಕ್ಕಿಕೊಂಡ ಕೈಯನ್ನು ನಾಜೂಕಾಗಿ ಎಳೆದುಕೊಂಡಿತು. ಸಂಯುಕ್ತಾ ಮಗುಚಿದಳು!

ಅನಸೂಯಮ್ಮನ ಎರಡೂ ಕೈ ಮುಗಿಯಲು ಮೇಲೆದ್ದವು. ಮುಗಿಯುವುದರೊಳಗೆ ರಮಾಕಾಂತನ ಕೈ ಬಂತು. ಅವನು ಕಣ್ಣು ಬಿಟ್ಟಿರಲಿಲ್ಲ. ಕೈ ತಾನಾಗಿಯೇ ಬಂದು, ಮಗುವಿನ ಭುಜ ಹಿಡಿದು, ಪಟ್ಟನೆ ಬೆನ್ನ ಮೇಲೆ ತಿರುಗಿಸಿ, ಎದೆಗೆ ಎರಡು ತಟ್ಟು ತಟ್ಟಿ ಹಿಂದಕ್ಕೆ ಹೋಯಿತು.

ಮಗು ಇನ್ನೊಮ್ಮೆ ಮಗುಚಿತು. ಕೈ ಇನ್ನೊಮ್ಮೆ ತಿರುಗಿಸಿತು.

ಮೂರನೆಯ ಸಲ ಅನಸೂಯಮ್ಮ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದರು. "ಅಳಿಯಂದ್ರೇ, ಎಷ್ಟು ದಿವಸದಿಂದ ನಡೀತಿದೆ ಇದು?"

ರಮಾಕಾಂತ ಎಚ್ಚೆತ್ತು ಸುತ್ತ ನೋಡಿದ. ಇನ್ನು ರಿವರ್ಸ್ ಮಾಡಲು ಏನೂ ಉಳಿದಿರಲಿಲ್ಲ. ಇಡೀ ಸೊಸೈಟಿಯ ಎದುರು ಎಲ್ಲವನ್ನೂ ಹೇಳಿದ. ಡ್ರಾಪ್ಸ್ ಕೇಳಿದ್ದನ್ನೂ ಬಿಡಲಿಲ್ಲ.

"ಕರ್ಕೊಂಡು ಹೋಗ್ಬೇಡಿ ಅತ್ತೆ. ಇವರಿಬ್ಬರೂ ಇಲ್ಲದೆ ಇಲ್ಲಿ ನನಗೆ ಮನೆಗೆ ಬರೋಕೇ ಮನಸ್ಸಾಗ್ತಿರ್ಲಿಲ್ಲ" ಎಂದ ಕೊನೆಗೆ.

ಅನಸೂಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಈ ಮಗು ನಮ್ಮನೇಲೇ ಮಗುಚಿತ್ತು ಕಣ್ರೀ. ನೀವು ಹೊರಡೋ ದಿವಸ ಬೆಳಿಗ್ಗೆ, ನಿದ್ದೇಲೇ. ನಳಿನಿ ಸ್ನಾನಕ್ಕೆ ಹೋಗಿದ್ಲು, ನೀವು ಟ್ಯಾಕ್ಸಿ ತರೋಕೆ ಹೋಗಿದ್ರಿ. ನಾನೊಬ್ಬಳೇ ನೋಡಿದ್ದು."

"ಅಮ್ಮಾ! ನನಗೂ ಹೇಳ್ಲಿಲ್ವಲ್ಲ!" ಎಂದಳು ನಳಿನಿ.

"ಏನಂತ ಹೇಳ್ಲಿ? ಹುಟ್ಟಿದಾಗ ಇವರಿಗೆ ರಜ ಸಿಗ್ಲಿಲ್ಲ. ಮೊದಲ ನಗು ನೋಡಿದ್ದು ಫೋನಲ್ಲಿ. ಇದೊಂದನ್ನಾದ್ರೂ ಅಪ್ಪ ಅನ್ನೋನು ಕಣ್ಣಾರೆ ಮೊದಲು ನೋಡ್ಲಿ ಅಂತ ಮಗೂನ ತಿರುಗಿಸಿ ಮಲಗಿಸಿ ಬಾಯಿ ಮುಚ್ಕೊಂಡೆ. ಇವತ್ತು ಕುಣ್ಕೊಂಡು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ದಿನಾ ಫೋನ್ ಮಾಡ್ತಿದ್ದೆ. ಇವರು ಇಲ್ಲ ಇಲ್ಲ ಅಂತಾನೇ ಅಂದ್ರು. ಮಗುಚಿದ್ದ ಮಗು ಮಗುಚೋದು ನಿಲ್ಲಿಸ್ತು ಅಂದ್ರೆ ಏನರ್ಥ? ಎರಡು ದಿನದಿಂದ ನನಗೆ ಅನ್ನ ಸೇರಿಲ್ಲ."

ಹೀಗೆ ಒಂದೇ ಮಗುವಿನ ಮಗುಚುವಿಕೆಯನ್ನು ಮೈಸೂರಿನಲ್ಲಿ ಅತ್ತೆಯೂ ಡೊಂಬಿವಲಿಯಲ್ಲಿ ಅಳಿಯನೂ ಒಬ್ಬರಿಗೊಬ್ಬರು ತಿಳಿಯದಂತೆ ರಿವರ್ಸ್ ಮಾಡಿದ್ದರು. ಯಾರು ಯಾರನ್ನು ಬೈಯಬೇಕೆಂದು ಸೊಸೈಟಿಗೆ ತಿಳಿಯಲಿಲ್ಲ. ಆಮೇಲೆ ಪ್ರಫುಲ್ಲಕ್ಕ ಮೆಲ್ಲಗೆ, "ಎಂತ ಆದರೂ ಹಗಲು ಹೊತ್ತು ಕವುಚಿದ್ದು ನಾನು ತೋರಿಸಿಕೊಟ್ಟ ಮೇಲೆಯೇ" ಎಂದರು. "ಅಲ್ರೀ, ಅದು ಎಣ್ಣಿ ಗುಣ" ಎಂದಳು ನಾಗವೇಣಿ. ಪಿಸುದನಿಯಲ್ಲೇ ಜಗಳ ಹತ್ತಿತು.

ಅಷ್ಟರಲ್ಲಿ ಮಗು ಮತ್ತೆ ಹೊಟ್ಟೆಯ ಮೇಲಾಗಿ, ಕೆನ್ನೆಯನ್ನು ಪಕ್ಕಕ್ಕೆ ಹಾಕಿ ಮಲಗಿತ್ತು. ಈ ಸಲ ತಿರುಗಿಸಲು ಹೋದದ್ದು ಅನಸೂಯಮ್ಮನ ಕೈ.

"ಅಮ್ಮಾ, ಕೈ ತೆಗಿ" ಎಂದಳು ನಳಿನಿ. "ಡಾಕ್ಟರ್ ಹೇಳಿದಾರೆ. ಮಲಗಿಸೋದು ನಮ್ಮ ಕೆಲಸ, ತಿರುಗೋದು ಅವಳ ಕೆಲಸ."

ಕೈ ಹಿಂದಕ್ಕೆ ಹೋಯಿತು. ಕೂಸು ಅಲುಗಾಡಲಿಲ್ಲ. ಡೊಂಬಿವಲಿಗೆ ಬಂದ ಮೇಲೆ ಅಷ್ಟು ಗಾಢವಾಗಿ ಅವಳು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲರೂ ತುದಿಗಾಲಿನಲ್ಲಿ ಎದ್ದು, ಬಾಗಿಲಲ್ಲಿ ಅನಸೂಯಮ್ಮ ಕೊಟ್ಟ ಕೊಬ್ಬರಿ ಸಕ್ಕರೆ ಬಾಯಿಗೆ ಹಾಕಿಕೊಂಡು, ಸದ್ದಿಲ್ಲದೆ ಮನೆಗೆ ಹೋದರು.

ನಾನು ತಿರುಗಿ ನೋಡಿದರೆ ರಮಾಕಾಂತನೂ ಬರಿ ನೆಲದ ಮೇಲೆ ಬೋರಲು ಬಿದ್ದು, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ನಾಗವೇಣಿ ಎಬ್ಬಿಸಿ ಮಂಚದ ಮೇಲೆ ಮಲಗಿಸಲು ಹೋದಳು. ಅನಸೂಯಮ್ಮ ತಡೆದರು.

"ಬೇಡಿ. ಹೇಗೆ ಮಲಗಿದಾರೋ ಹಾಗೇ ಬಿಡಿ."

ಆಮೇಲೆ ಚೀಲದಿಂದ ಫೋನ್ ತೆಗೆದು ನನ್ನ ಹತ್ತಿರ ಬಂದರು. "ಶಿವರಾಯರೇ, ಈ ನಳಿನಿ ಟಿಕೆಟ್ ಕ್ಯಾನ್ಸಲ್ ಮಾಡೋದು ಹೇಗೆ, ಸ್ವಲ್ಪ ನೋಡಿ."

"ಮಾಡೂಣ್ರಿ. ನಿಮ್ಮದು ನಾಳೆಗೇ ಇರ್ಲೇನ್ರಿ?"

ಅವರು ಚಾಪೆಯ ಕಡೆ ನೋಡಿದರು, ನೆಲದ ಕಡೆ ನೋಡಿದರು.

"ನಂದೂ ಮಾಡ್ಬಿಡಿ. ಮಗು ತಾನಾಗೇ ಮಲಗುತ್ತೆ. ನಾಲ್ಕು ದಿವಸ ಅಳಿಯಂದ್ರನ್ನ ಮಲಗಿಸೋಕೆ ಯಾರಾದ್ರೂ ಬೇಕಲ್ಲ."